ಮನೆಯಲ್ಲೇ ಕಲಿಸುವವರಿಗೆ: ಸಣ್ಣ ಮಕ್ಕಳ ಪಠ್ಯವನ್ನು ಕಮ್ಮಿ ಖರ್ಚಿನಲ್ಲಿ ಆರಿಸುವುದು ಹೇಗೆ

ಯಾವುದೇ ಪಠ್ಯಕ್ಕೆ ದುಡ್ಡು ಕೊಡುವ ಮೊದಲು ಅದರ ನಡುವಿನ ಪಾಠವೊಂದನ್ನು ತೆರೆದು ನೋಡಿ. ಮೊದಲ ಪಾಠ ಯಾರದ್ದಾದರೂ ಚೆಂದವೇ ಇರುತ್ತದೆ. ಅರವತ್ತನೇ ದಿನದ ಪಾಠಕ್ಕೆ ಏನೇನು ಸಾಮಾನು ಬೇಕು, ಅದು ಮನೆಯಲ್ಲೋ ಹತ್ತಿರದ ಅಂಗಡಿಯಲ್ಲೋ ಸಿಗುತ್ತದೆಯೇ, ಎಷ್ಟು ಪುಟ ಪ್ರಿಂಟ್ ತೆಗೆಸಬೇಕು, ನೀವು ಪಕ್ಕದಲ್ಲಿ ಎಷ್ಟು ಹೊತ್ತು ಕೂರಬೇಕು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೊಸನಗರದ ಒಳಹಳ್ಳಿಯ ಮನೆಯಲ್ಲಿ ಕೂತು ಬಣ್ಣದ ಫೆಲ್ಟ್ ಬಟ್ಟೆ ಹುಡುಕಬೇಕಾದ ಪಾಠ ಆ ದಿನವೇ ನಿಲ್ಲುತ್ತದೆ. ನಿಂತ ಪಾಠ ಮತ್ತೆ ಹೊರಡುವುದು ಅಪರೂಪ.

ಮೂರರಿಂದ ಎಂಟು ವರ್ಷದ ಮಗುವಿನ ಕಲಿಕೆಗೆ ವರ್ಷಕ್ಕೆ 3,000 ರೂಪಾಯಿ ಸಾಕು. ಬೆನ್ನೆಲುಬಾಗಿ ನಿಲ್ಲುವ ಪಠ್ಯ ಪುಕ್ಕಟೆಯಾಗಿಯೇ ಸಿಗುತ್ತದೆ. ಕೈಯಲ್ಲಿರುವ ದುಡ್ಡು ಕತೆಪುಸ್ತಕಕ್ಕೆ ಹೋಗಲಿ. ಸಾಮಾನ್ಯವಾಗಿ ಆಗುವುದು ತಿರುಗುಮುರುಗು: ಜೂನ್‌ನಲ್ಲಿ ಸಾವಿರಾರು ರೂಪಾಯಿಯ ಕಿಟ್ ಬರುತ್ತದೆ, ಮನೆಯಲ್ಲಿ ಕತೆಪುಸ್ತಕ ಮಾತ್ರ ನಾಲ್ಕೇ ನಾಲ್ಕು.

ಕಾನೂನಿನ ಮಾತು

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಅದರಲ್ಲಿ ಮನೆಕಲಿಕೆಗೆ ಎಂದು ಪ್ರತ್ಯೇಕ ನಿಯಮವಿಲ್ಲ. ಆದರೆ 4ನೇ ಸೆಕ್ಷನ್ ನಿಮಗೆ ಉಪಯೋಗಕ್ಕೆ ಬರುತ್ತದೆ. ಆರು ದಾಟಿಯೂ ಶಾಲೆಗೆ ಸೇರಿರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಆ ಮಗುವಿಗೆ ಉಂಟು. ಇನ್ನೊಂದು ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಅದರ ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಎಂಬ ಮೂರು ಹಂತಗಳಿವೆ. ಅವು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮ. ಹತ್ತನೇ ತರಗತಿಯ ಪರೀಕ್ಷೆಗೆ ಅಲ್ಲಿ ಕನಿಷ್ಠ ವಯಸ್ಸು 14.

ಪಠ್ಯ ಆರಿಸುವಾಗ ಇದರಿಂದ ಎರಡು ಕೆಲಸ ಹುಟ್ಟುತ್ತದೆ. ರಾಜ್ಯದ ತರಗತಿವಾರು ಪಠ್ಯಕ್ಕೆ ತೀರಾ ದೂರದ್ದನ್ನು ಆರಿಸಬೇಡಿ, ಮುಂದೆ ಶಾಲೆಗೆ ಸೇರಿಸುವಾಗ ಕಷ್ಟ. ಮತ್ತೆ, ತಿಂಗಳಿಗೆ ನಾಲ್ಕು ಹಾಳೆಯಾದರೂ ಮಗು ಬರೆದದ್ದು, ಬಿಡಿಸಿದ್ದು ತಾರೀಕು ಹಾಕಿ ಒಂದು ಫೈಲಿನಲ್ಲಿಡಿ.

ಕರ್ನಾಟಕದ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಕನ್ನಡ ಕಡ್ಡಾಯ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಹಾಗೆ ಹೇಳುತ್ತದೆ. ಬರೀ ಇಂಗ್ಲಿಷ್ ಕಿಟ್ ನೆಚ್ಚಿ ಕನ್ನಡ ಬಿಟ್ಟ ಮಗು ಮೂರನೇ ತರಗತಿಗೆ ಹೋಗಿ ಕೂತರೆ ಅದಕ್ಕೆ ಆಗುವ ಸಂಕಟ ದೊಡ್ಡದು. ಆ ಸಂಕಟವನ್ನು ಈಗಲೇ ತಪ್ಪಿಸಬಹುದು.

ಬೆನ್ನೆಲುಬು ಒಂದೇ ಇರಲಿ

ಮೂರರಿಂದ ಆರರ ಮಗುವಿಗೆ ಅಂಗನವಾಡಿಯ ‘ಚಿಲಿಪಿಲಿ’ ಚಟುವಟಿಕೆಗಳು ಧಾರಾಳ ಸಾಕು. ಅಂಗನವಾಡಿ ಟೀಚರನ್ನು ಕೇಳಿ ಒಮ್ಮೆ ಪುಸ್ತಕ ತಿರುವಿಹಾಕಿ. ಹಾಡು, ಆಟ, ವಿಂಗಡಿಸುವುದು, ಜೋಡಿಸುವುದು ಎಲ್ಲ ಅದರಲ್ಲಿದೆ.

ಆರು ತುಂಬಿದ ಮೇಲೆ ಎರಡು ಒಳ್ಳೆಯ ದಾರಿಗಳಿವೆ. ಒಂದು, ರಾಜ್ಯದ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೇ ಕೂತು ಕಲಿಯುತ್ತಾರೆ. ಕಲಿಕಾ ಏಣಿಯ ಮೈಲಿಗಲ್ಲುಗಳನ್ನು ಮಗು ತನ್ನ ವೇಗದಲ್ಲೇ ಹತ್ತುತ್ತದೆ. ಆರು ವರ್ಷದ ತಂಗಿ, ಏಳು ವರ್ಷದ ಅಣ್ಣ ಇಬ್ಬರೂ ಇರುವ ಮನೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಒಂದೇ ಮಗುವಿದ್ದರೆ ಜೊತೆಗಾರರ ನೆರವಿನಿಂದ ಮಾಡುವ ಚಟುವಟಿಕೆಗಳಿಗೆ ಜನ ಸಾಲುವುದಿಲ್ಲ. ಅವನ್ನು ಬಿಟ್ಟು, ನಿಮ್ಮ ನೆರವಿನಿಂದ ಮಾಡುವಂಥದ್ದನ್ನೂ ಮಗು ತಾನೇ ಮಾಡುವಂಥದ್ದನ್ನೂ ಇಟ್ಟುಕೊಳ್ಳಿ. ಪುಸ್ತಕದ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಇನ್ನೊಂದು, ಕೇಂದ್ರದ ಪಠ್ಯಪುಸ್ತಕ ರೂಪಿಸುವ ಸಂಸ್ಥೆ ಎನ್‌ಸಿಇಆರ್‌ಟಿಯ ಪುಸ್ತಕಗಳು. 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟಿನ ಪ್ರಕಾರ 1 ಮತ್ತು 2ನೇ ತರಗತಿಗೆ 2023ರಲ್ಲಿ ಹೊಸ ಪುಸ್ತಕಗಳು ಬಂದವು. ಇಂಗ್ಲಿಷಿಗೆ ‘ಮೃದಂಗ್’, ಗಣಿತಕ್ಕೆ ‘ಜಾಯ್‌ಫುಲ್ ಮ್ಯಾಥಮ್ಯಾಟಿಕ್ಸ್’. ಅಚ್ಚಾದ ಪುಸ್ತಕಕ್ಕೆ 65 ರೂಪಾಯಿ. ಬಣ್ಣದ ಪುಸ್ತಕ ಅಷ್ಟಕ್ಕೆ ಸಿಗುವಾಗ ಪಿಡಿಎಫ್ ಇಳಿಸಿ ಪ್ರಿಂಟ್ ತೆಗೆಸುವುದು ನಷ್ಟ: ಪುಟಕ್ಕೆ ಎರಡು ರೂಪಾಯಿ ಹಿಡಿದರೂ ನೂರು ಪುಟಕ್ಕೆ 200 ಆಯಿತು, ಬಂದದ್ದು ಕಪ್ಪುಬಿಳುಪು. ಕಪ್ಪುಬಿಳುಪಿನಲ್ಲಿ ‘ಕೆಂಪು ಚೆಂಡುಗಳನ್ನು ಎಣಿಸು’ ಅಂದರೆ ಮಗು ಏನು ಮಾಡೀತು?

ನನ್ನ ಸಲಹೆ: ಕನ್ನಡಕ್ಕೆ ನಲಿ-ಕಲಿ, ಗಣಿತಕ್ಕೆ ಎರಡರಲ್ಲಿ ನಿಮಗೆ ಒಗ್ಗುವ ಒಂದು. ಒಂದೇ ವಿಷಯಕ್ಕೆ ಎರಡು ಪಠ್ಯ ಇಟ್ಟುಕೊಳ್ಳಬೇಡಿ. ಕನ್ನಡದಲ್ಲಂತೂ ಈ ತಪ್ಪು ಮಗುವಿಗೆ ನೇರವಾಗಿ ತಟ್ಟುತ್ತದೆ. ಯಾಕೆಂದು ಸ್ವಲ್ಪ ಬಿಡಿಸಿ ಹೇಳಬೇಕು.

ರ ಗ ಸ ದ ಅ

ಅಂಗಡಿಯ ವರ್ಣಮಾಲೆ ಪುಸ್ತಕ ಅ, ಆ, ಇ, ಈ ಎಂದು ಹೋಗುತ್ತದೆ. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಅ ಆ ಇ ಈ ಉ ಊ ಆರೂ ಕಲಿತ ಮಗು ಅವುಗಳಿಂದ ಓದಬಹುದಾದ ಪದ ಹುಡುಕಿ ನೋಡಿ, ಹೆಚ್ಚುಕಡಿಮೆ ಇಲ್ಲ. ರ ಗ ಸ ದ ಅ ಕಲಿತ ಮಗು ಮೊದಲ ಹತ್ತು ದಿನದಲ್ಲೇ ಸರ, ದರ, ಅಗಸ, ಅರಸ, ಗರಗಸ ಓದುತ್ತದೆ. ಮುಂದಿನ ಐದು ಸೇರಿದರೆ ಮರ, ದನ, ಜನ, ಮಗ, ಬಸವ, ನಗರ. ಅಕ್ಷರ ಕಲಿತದ್ದು ಓದುವುದಕ್ಕೆ ಎಂಬುದು ಮಗುವಿಗೆ ಆಗಲೇ ತಿಳಿಯುತ್ತದೆ. ಅಜ್ಜಿ ಅ ಆ ಇ ಈ ಹಾಡಿಸುತ್ತಿದ್ದರೆ ಬೇಡ ಎನ್ನಬೇಡಿ. ಅದು ಹಾಡಾಗಿ ಬಾಯಿಪಾಠ ಆಗಲಿ. ಓದಿಸುವ ಕ್ರಮ ಮಾತ್ರ ಒಂದೇ ಇರಲಿ.

ಕಾರ್ಡು ಕೊಳ್ಳುವುದು ಬೇಡ. ಮನೆಯಲ್ಲಿ ಬಿದ್ದಿರುವ ಲಗ್ನಪತ್ರಿಕೆಗಳ ಖಾಲಿ ಬದಿ ಗಟ್ಟಿಯಾಗಿರುತ್ತದೆ. 7 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ, ದಪ್ಪ ಕಪ್ಪು ಮಾರ್ಕರ್‌ನಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಕಾರ್ಡು ಬರೆಯಿರಿ. ‘ಗರಗಸ’ಕ್ಕೆ ಎರಡು ಗ ಬೇಕಲ್ಲ, ಅದಕ್ಕೆ. ಹತ್ತು ಅಕ್ಷರಕ್ಕೆ 30 ಕಾರ್ಡು. ಕೆಳ ಅಂಚಿಗೆ ಕೆಂಪು ಗೆರೆ ಎಳೆಯಿರಿ, ಇಲ್ಲದಿದ್ದರೆ ಮಗು ಕಾರ್ಡನ್ನು ತಲೆಕೆಳಗೆ ಹಿಡಿದು ಬೇರೆಯೇ ಅಕ್ಷರ ಅಂದುಕೊಳ್ಳುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ನೀವು ಹೇಳಿಕೊಡದ ಪದವೊಂದನ್ನು ಜೋಡಿಸಿಟ್ಟಾಗ ಮಗು ತಾನೇ ಓದಿತೇ, ಆಗ ಮುಂದಿನ ಐದಕ್ಕೆ ಹೋಗಿ. ಓದದಿದ್ದರೆ ಇನ್ನೂ ಒಂದು ವಾರ ಅಲ್ಲೇ ಇರಿ. ಅವಸರ ಮಾಡಿ ಮುಂದೆ ಹೋದವರು ಕಾಗುಣಿತದ ಹೊತ್ತಿಗೆ ಮೊದಲಿಗೇ ವಾಪಸು ಬರಬೇಕಾಗುತ್ತದೆ.

ನಮ್ಮ ಶಿವಮೊಗ್ಗ ಜಿಲ್ಲೆಯ ಬಸ್ಸಿನ ಬೋರ್ಡುಗಳು ಒಳ್ಳೆಯ ಓದುಪುಸ್ತಕ. ‘ನಗರ’ ಎಂಬ ಊರಿನ ಬೋರ್ಡನ್ನು ಮೊದಲ ಹತ್ತು ಅಕ್ಷರದಲ್ಲೇ ಓದಬಹುದು. ದೀರ್ಘ ಕಲಿತ ದಿನ ‘ಸಾಗರ’ ಬರುತ್ತದೆ. ಒತ್ವ ಬಂದಾಗ ‘ಸೊರಬ’, ‘ಹೊಸನಗರ’. ಗುಡಿಸು, ಕೊಂಬು ಎಲ್ಲ ಆದ ಮೇಲೆ ‘ಶಿಕಾರಿಪುರ’. ಒತ್ತಕ್ಷರಕ್ಕೆ ‘ಶಿವಮೊಗ್ಗ’, ‘ಭದ್ರಾವತಿ’. ಕೊನೆಗೆ ಅರ್ಕಾವೊತ್ತಿನ ‘ತೀರ್ಥಹಳ್ಳಿ’. ಏಳು ತಾಲ್ಲೂಕು ಮುಗಿಯುವಾಗ ಕಾಗುಣಿತದ ಮುಖ್ಯ ಮೆಟ್ಟಿಲುಗಳೆಲ್ಲ ಒಂದು ಸುತ್ತು ಬಂದಿರುತ್ತವೆ.

ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಇವು ಮಗು ಮೊದಲು ಬರೆಯಲು ಬಯಸುವ ಪದಗಳು, ಎಲ್ಲದರಲ್ಲೂ ಒತ್ತಕ್ಷರ. ಅದಕ್ಕಾಗಿ ತಡೆಯಬೇಡಿ. ಒಂದೊಂದು ಪದವನ್ನೂ ಇಡಿಯಾಗಿ ಚಿತ್ರದಂತೆ ಗುರುತಿಸಲಿ, ನಿಯಮ ಆಮೇಲೆ. ಮನೆಯಲ್ಲಿ ಹವ್ಯಕ ಕನ್ನಡವೋ ಕೊಂಕಣಿಯೋ ಉರ್ದುವೋ ಲಂಬಾಣಿಯೋ ಇದ್ದರೆ ಮಗು ಪುಸ್ತಕದ ಕತೆಯನ್ನು ತನ್ನ ಮನೆಮಾತಿನಲ್ಲೇ ತಿರುಗಿ ಹೇಳಲಿ. ಅರ್ಥವಾಗಿದೆಯೇ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅಲ್ಲಿ ‘ಶುದ್ಧ ಕನ್ನಡದಲ್ಲಿ ಹೇಳು’ ಎಂದು ತಿದ್ದಿದರೆ ಮಗು ಹೇಳುವುದನ್ನೇ ನಿಲ್ಲಿಸುತ್ತದೆ.

ಕತೆಪುಸ್ತಕ

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ 2015ರಿಂದ ಕನ್ನಡ ಕತೆಗಳು ಪುಕ್ಕಟೆ ಓದಲು, ಇಳಿಸಿಕೊಳ್ಳಲು ಸಿಗುತ್ತವೆ. ಅಲ್ಲಿ ನಾಲ್ಕು ಹಂತಗಳಿವೆ. ಒಂದು ಎಚ್ಚರಿಕೆ: ಹಂತ ಗೊತ್ತು ಮಾಡುವಾಗ ಕತೆ ಎಷ್ಟು ಪದ ಉದ್ದವಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಂಗ್ಲಿಷಿನಿಂದ ಬಂದ ಒಂದನೇ ಹಂತದ ಕತೆಯಲ್ಲಿ ಕನ್ನಡದ ‘ಹುಡುಕುತ್ತಿದ್ದಳು’ ಎಂಬ ಒಂದೇ ಪದ ಆರು ಅಕ್ಷರದ್ದು, ಅದರಲ್ಲೇ ಎರಡು ಒತ್ತು. ಆದ್ದರಿಂದ ಹಂತದ ಸಂಖ್ಯೆ ನಂಬಬೇಡಿ, ನಡುವಿನ ಒಂದು ಪುಟದಲ್ಲಿ ಒತ್ತಕ್ಷರ ಎಣಿಸಿ. ಮೂರಕ್ಕಿಂತ ಹೆಚ್ಚಿದ್ದರೆ ಅದು ನೀವು ಓದಿ ಹೇಳುವ ಪುಸ್ತಕ. ಮಗು ತಾನೇ ಓದುವ ಪುಸ್ತಕವಾದರೆ ಬೆರಳಿನ ಲೆಕ್ಕ ಸಾಕು: ಒಂದು ಪುಟದಲ್ಲಿ ತಡವರಿಸಿದ ಪದಕ್ಕೆ ಒಂದೊಂದು ಬೆರಳು ಮಡಚಿ, ಐದೂ ಮಡಚಿದರೆ ಸದ್ಯಕ್ಕೆ ಬದಿಗಿಡಿ.

ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಹೆಸರಿನಲ್ಲಿ ಅರಿವು ಕೇಂದ್ರ, ನಿಮ್ಮ ಊರಲ್ಲಿದ್ದರೆ ಮೊದಲು ಅಲ್ಲಿಗೆ ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆ. ಇಲ್ಲಿ ಎರವಲು ತಂದು ಮಗು ಮೂರು ಸಲ ‘ಇನ್ನೊಂದ್ಸಲ ಓದು’ ಅಂದ ಪುಸ್ತಕವನ್ನು ಮಾತ್ರ ದುಡ್ಡು ಕೊಟ್ಟು ಕೊಳ್ಳಿ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಇವರ ಮಕ್ಕಳ ಪುಸ್ತಕಗಳು ಕೈಗೆಟುಕುವ ಬೆಲೆಯವು.

ಲೆಕ್ಕ

ಗಣಿತದ ಪುಸ್ತಕ ಆರಿಸುವಾಗ ಒಂದೇ ಪ್ರಶ್ನೆ: 10ರ ಗುಂಪು ಮಾಡುವುದನ್ನು ಕೈಯಲ್ಲಿ ಮಾಡಿಸಿ ಆಮೇಲೆ ಬರೆಸುತ್ತದೆಯೋ, ನೇರ ಬರೆಸುವುದಕ್ಕೇ ಇಳಿಯುತ್ತದೆಯೋ? ನೇರ ಬರೆಸುವುದಾದರೆ ಬೇಡ.

ಸಾಮಾನು ಮನೆಯಲ್ಲೇ ಇದೆ. ಹಿಡಿಕಡ್ಡಿಯನ್ನು 10 ಸೆಂಟಿಮೀಟರಿನ ನೂರು ತುಂಡು ಮಾಡಿ, ಹತ್ತು ರಬ್ಬರ್ ಬ್ಯಾಂಡ್ ಇಡಿ. ಮಗು ತಾನೇ ಎಣಿಸಿ ಹತ್ತರ ಕಟ್ಟು ಕಟ್ಟಬೇಕು; ನೀವು ಕಟ್ಟಿಕೊಟ್ಟರೆ ಅದು ಮಗುವಿಗೆ ಬರೀ ಒಂದು ಕಟ್ಟು, ಒಳಗೆ ಹತ್ತು ಇದೆ ಎಂಬ ನಂಬಿಕೆ ಹುಟ್ಟುವುದಿಲ್ಲ. ಆಮೇಲೆ ‘ನಲವತ್ತೆರಡು ತಾ’ ಅನ್ನಿ. ನಾಲ್ಕು ಕಟ್ಟು ಎರಡು ಬಿಡಿ ತಂದರೆ ಬರೆಯಲು ಶುರುಮಾಡಬಹುದು. ಕಟ್ಟು ಬಿಚ್ಚಿ ಒಂದರಿಂದ ಎಣಿಸಲು ಕೂತರೆ ಇನ್ನೂ ಎರಡು ವಾರ ಆಟವಾಡಿಸಿ. ಸಂಖ್ಯೆಗಳನ್ನು ಮೊದಲು ಕನ್ನಡದಲ್ಲೇ ಹೇಳಿಸಿ. ಹದಿಮೂರು, ಇಪ್ಪತ್ತಮೂರು ಎರಡರಲ್ಲೂ ಹತ್ತು ಮುಂದೆ, ಬಿಡಿ ಹಿಂದೆ, ಕೇಳಿದ ಕ್ರಮದಲ್ಲೇ ಬರೆದರಾಯಿತು. ಇಂಗ್ಲಿಷಿನ ಥರ್ಟೀನ್, ಥರ್ಟಿ ಕಿವಿಗೆ ಒಂದೇ ಥರ ಕೇಳಿ 13 ಹೇಳಿದರೆ 30 ಬರೆಯುವುದು ಸಾಮಾನ್ಯ. ಕನ್ನಡದಲ್ಲಿ ತೊಡಕಿನ ಜಾಗ ಒಂದೇ: ಒಂಬತ್ತು, ಎಂಬತ್ತು, ತೊಂಬತ್ತು. ಈ ಮೂರಕ್ಕೆ ಮಾತ್ರ ಕಟ್ಟು ಕೈಯಲ್ಲಿ ಹಿಡಿಸಿ ಹೆಚ್ಚು ದಿನ ಕೊಡಿ.

ಅಟ್ಟದ ಮೇಲಿನ ಚನ್ನೆಮಣೆ ಕೆಳಗಿಳಿಸಿ. 14 ಗುಂಡಿಗೆ ನಾಲ್ಕರಂತೆ 56 ಕಾಯಿ ಹಂಚುವುದೇ ಗುಣಾಕಾರದ ಮೊದಲ ಪಾಠ. ಕಾಯಿಗೆ ಹುಣಸೆಬೀಜ ಬಳಸಿ. ಗುಲಗಂಜಿ ಖಂಡಿತಾ ಬೇಡ, ಅದನ್ನು ಜಗಿದರೆ ಜೀವಕ್ಕೇ ಅಪಾಯ. ಬಾಯಿಗೆ ಹಾಕುವ ಪುಟ್ಟ ಮಗು ಮನೆಯಲ್ಲಿದ್ದರೆ ಹುಣಸೆಬೀಜವೂ ಎತ್ತರದಲ್ಲಿರಲಿ.

ಬರೆಯುವ ಕೈ, ನೋಡುವ ಕಣ್ಣು

ಐದರೊಳಗಿನ ಮಗುವಿಗೆ ಚುಕ್ಕಿ ತಿದ್ದುವ ವರ್ಕ್‌ಶೀಟಿಗಾಗಿ ದುಡ್ಡು ಹಾಕಬೇಡಿ. ಬೆರಳಿಗೆ ಬಲ ಬರುವುದು ಚಪಾತಿ ಹಿಟ್ಟು ನಾದುವುದರಲ್ಲಿ, ಅವರೆ ಸುಲಿಯುವುದರಲ್ಲಿ, ಹೂ ಪೋಣಿಸುವುದರಲ್ಲಿ. ಸಾಗರ, ಸೊರಬದ ಕಡೆ ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಚಿತ್ತಾರ ನೋಡಿದ್ದೀರಲ್ಲ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ನೇರ, ಓರೆ, ಅಡ್ಡ. ರಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿದ ಹಿಟ್ಟು ಕೊಟ್ಟು ಗೆರೆ ಎಳೆಯಲು ಬಿಡಿ. ಅಕ್ಷರಕ್ಕೆ ಬೇಕಾದ ಹಿಡಿತ ಅಲ್ಲೇ ಬರುತ್ತದೆ.

ಪರಿಸರ ಪಾಠಕ್ಕಂತೂ ಏನೂ ಕೊಳ್ಳಬೇಕಾಗಿಲ್ಲ. ಹೊರಗಿನ ಕಿಟ್‌ಗಳಲ್ಲಿ ಜನವರಿ ಅಂದರೆ ಹಿಮ, ಅಕ್ಟೋಬರ್ ಅಂದರೆ ಎಲೆ ಉದುರುವ ಕಾಡು. ಕಿಟಕಿಯಾಚೆ ಅಡಿಕೆ ಕೊಯ್ಲು ನಡೆಯುತ್ತಿರುವಾಗ ಮಗುವಿಗೆ ಅದು ಹೇಗೆ ಹಿಡಿದೀತು? ಬದಲಿಗೆ ಮಳೆ ಅಳೆಯಿರಿ. ನೇರ ಗೋಡೆ, ಸಪಾಟು ತಳದ ಸ್ಟೀಲ್ ಡಬ್ಬಿ, ಎತ್ತರ 20 ಸೆಂಟಿಮೀಟರಿಗೆ ಕಡಿಮೆ ಬೇಡ. ಆಗುಂಬೆ ಕಡೆಯವರಿಗೆ ಇನ್ನೂ ಎತ್ತರದ್ದು. ಸೂರಿನ ನೀರು, ಮರದ ಹನಿ ಬೀಳದ ಬಯಲಲ್ಲಿಡಿ. ಹವಾಮಾನ ಇಲಾಖೆಯವರ ಹಾಗೆ ಬೆಳಗ್ಗೆ 8.30ಕ್ಕೆ ಸ್ಕೇಲ್ ಇಳಿಸಿ ಅಳೆದು, ಡಬ್ಬಿ ಖಾಲಿ ಮಾಡಿ. ಸ್ಕೇಲಿನ ತುದಿಯಿಂದ ಸೊನ್ನೆಯವರೆಗಿನ ಖಾಲಿ ಜಾಗವನ್ನು ಕತ್ತರಿಸಿ ತೆಗೆಯದಿದ್ದರೆ ದಿನವೂ ಕೆಲವು ಮಿಲಿಮೀಟರ್ ಕಡಿಮೆ ಬರುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆಯ ಹೆಸರಿಗೊಂದು ಪುಟ ಮಾಡಿ ಬರೆಸಿದರೆ ಸಂಖ್ಯೆ, ಕೂಡುವುದು, ಹೋಲಿಸುವುದು, ಬರವಣಿಗೆ ನಾಲ್ಕೂ ಒಂದೇ ಪುಸ್ತಕದಲ್ಲಿ ಆಗುತ್ತದೆ.

ದುಡ್ಡು ಕೊಡುವ ಮೊದಲು ಒಂದು ವಾರ

ಮಾದರಿ ಪುಟ ಕೊಡದ ಪಠ್ಯವನ್ನು ಕೊಳ್ಳಬೇಡಿ. ಕೊಟ್ಟರೆ ಐದು ದಿನ ನಡೆಸಿ: ನಾಲ್ಕು ವರ್ಷಕ್ಕೆ ದಿನಕ್ಕೆ ಅರ್ಧ ಗಂಟೆ, ಆರಕ್ಕೆ ಒಂದು ಗಂಟೆ, ಎಂಟಕ್ಕೆ ಎರಡು ಗಂಟೆಯೊಳಗೆ, ಅದೂ ನಡುನಡುವೆ ಬಿಟ್ಟು. ಮೂರನೇ ದಿನ ಮಗು ತಾನೇ ಪುಸ್ತಕ ತಂದಿತೇ ನೋಡಿ. ನಿಮ್ಮ ತಯಾರಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಹಿಡಿಯಿತೇ? ಕೊಯ್ಲಿನ ಕಾಲದಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ, ಆ ಪಠ್ಯ ಬೇಡ. ನೆಟ್‌ವರ್ಕ್ ಇಲ್ಲದೆ ನಡೆಯಿತೇ? ಜುಲೈಯಲ್ಲಿ ಮೂರು ದಿನ ಕರೆಂಟ್ ಹೋದರೆ ಮೊಬೈಲ್ ನೆಚ್ಚಿದ ಪಾಠ ಅಲ್ಲಿಗೇ ನಿಂತಿತು. ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ವಿಡಿಯೊಗಳನ್ನು ಪೇಟೆಗೆ ಹೋದಾಗಲೇ ಇಳಿಸಿಕೊಂಡು ಬನ್ನಿ.

3,000ವನ್ನು ಹೀಗೆ ಹಂಚಿ: ಪಠ್ಯಪುಸ್ತಕ ಮತ್ತು ಪ್ರಿಂಟಿಗೆ 600, ಕತೆಪುಸ್ತಕಕ್ಕೆ 1,400, ಸ್ಲೇಟು, ನೋಟ್‌ಬುಕ್, ಬಣ್ಣಕ್ಕೆ 500. ಉಳಿದ 500 ದಸರಾವರೆಗೆ ಮುಟ್ಟಬೇಡಿ. ಪ್ರಿಂಟನ್ನು ಒಂದು ತಿಂಗಳಿಗೆ ಬೇಕಾದಷ್ಟೇ ತೆಗೆಸಿ, ಅದೂ ಮಗು ಬರೆಯುವ ಪುಟ ಮಾತ್ರ. ಇಡೀ ವರ್ಷದ್ದು ಒಟ್ಟಿಗೆ ತೆಗೆಸಿದರೆ ಅರ್ಧ ಪುಟಗಳು ಮಗುವಿಗೆ ಆಗಲೇ ಸುಲಭವಾಗಿರುತ್ತವೆ, ಉಳಿದವಕ್ಕೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.

ಕಾರ್ಡು, ಪುಸ್ತಕಗಳನ್ನು ಗೋಡೆಗೆ ತಾಗಿದ ಕಪಾಟಿನಲ್ಲಿಡದೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ, ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿಡಿ. ಬಿಸಿಲು ಬಂದ ದಿನ ಒಂದು ಗಂಟೆ ಹೊರಗೆ ಹರವಿ. ದಸರಾ ಹೊತ್ತಿಗೆ ಡಬ್ಬಿ ಬರಿದು ಮಾಡಿ ನೋಡಿ: ಎರಡು ತಿಂಗಳಿಂದ ಮುಟ್ಟದ್ದು ಯಾವುದು, ಅಂಚು ಸವೆದದ್ದು ಯಾವುದು. ಮುಟ್ಟದ್ದನ್ನು ಅಂಗನವಾಡಿಗೆ ಕೊಟ್ಟುಬಿಡಿ. ಎತ್ತಿಟ್ಟ 500 ರೂಪಾಯಿ ಅಂಚು ಸವೆದ ಬಗೆಯದ್ದಕ್ಕೇ ಹೋಗಲಿ.